ಕಿವುಡನ ಪಾಲಿನ ಕ್ರಿಸ್ತ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಚಕ್ರದ ಮುಂದೆ ಕೂತು ಅರ್ಧ ಆಯುಷ್ಯ ಸವೆಸಿದ ಆ ಹೆಂಗಸಿಗೆ ಮನುಷ್ಯರ ಮೇಲೆ ಹೇಳಿಕೊಳ್ಳುವಂಥ ಗೌರವವೇನೂ ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ. ದಿನ ಬೆಳಗಾದರೆ ಅವಳು ಕಾಣುತ್ತಿದ್ದದ್ದು ಒಂದೇ ಥರದ ಜನ. ಎದುರಿನ ಗೋಡೆಯ ಮೇಲಿರುವ ಅಂಗೈ ಅಗಲದ ಅಕ್ಷರ ಕಾಣದೆ ತಡವರಿಸುತ್ತ, "ನನ್ನ ಕಣ್ಣು ಚೆನ್ನಾಗೇ ಇದೆ, ನಿಮ್ಮ ಬೋರ್ಡೇ ಮಸುಕಾಗಿದೆ" ಎನ್ನುವವರು. ಹೊಸ ಕನ್ನಡಕ ಏರಿಸಿಕೊಂಡು, ಕನ್ನಡಿಯಲ್ಲಿ ತಮ್ಮ ಮುಖ ಎಷ್ಟೋ ವರ್ಷಗಳ ಮೇಲೆ ಸ್ಪಷ್ಟವಾಗಿ ಕಂಡಾಗ ಅಂಗಡಿಯವರ ಮೇಲೆ ರೇಗುವವರು. ಅವಳು ಯಾರಿಗೂ ಎದುರಾಡುತ್ತಿರಲಿಲ್ಲ. ಎಡಗಡೆಯ ಹುಬ್ಬನ್ನು ಸ್ವಲ್ಪ ಮೇಲೆತ್ತುತ್ತಿದ್ದಳು, ಅಷ್ಟೇ. ಎದುರಿಗಿದ್ದವನಿಗೆ ಸಾರ್ವಜನಿಕವಾಗಿ ಬೈಸಿಕೊಂಡಷ್ಟೇ ಮುಖಭಂಗವಾಗುತ್ತಿತ್ತು.

ಆ ಹುಬ್ಬೇ ಅವಳ ಹೆಸರಾಯಿತು. ಇಟ್ಟವನು ಅವಳ ತಮ್ಮ. ಅವನಿಗೆ ಕಿವಿ ಕೇಳುವುದಿಲ್ಲ. ಕೈಯಲ್ಲಿ ಮಾತಾಡುವವರಿಗೆ ಒಂದೊಂದೇ ಅಕ್ಷರ ಜೋಡಿಸಿ ಹೆಸರು ಹೇಳುತ್ತ ಕೂರುವಷ್ಟು ಪುರುಸೊತ್ತು ಇರುವುದಿಲ್ಲ. ಒಬ್ಬ ಮನುಷ್ಯನಲ್ಲಿ ಎದ್ದು ಕಾಣುವುದು ಯಾವುದೋ ಅದೇ ಅವನ ಹೆಸರು. ತೋರುಬೆರಳಿನಿಂದ ಹುಬ್ಬನ್ನು ಮೇಲಕ್ಕೆ ತಳ್ಳಿದರೆ ಅಕ್ಕ ಎಂದರ್ಥ. ನಾವೂ ಅವಳನ್ನು ಹುಬ್ಬಕ್ಕ ಎನ್ನೋಣ.

ತಮ್ಮ ಹುಟ್ಟಿನಿಂದ ಕಿವುಡನಲ್ಲ. ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ವಿಪರೀತ ಜ್ವರ ಬಂದು, ಜ್ವರ ಇಳಿಯುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ತಾಯಿ ಅವನ ಹಣೆ ಮುಟ್ಟಿ ನೋಡುವ ಅಭ್ಯಾಸ ಬಿಡಲೇ ಇಲ್ಲ. ಅವನ ಭಾಷೆಯಲ್ಲಿ ಅಮ್ಮ ಎಂದರೆ ಹಣೆಯ ಮೇಲೆ ಅಂಗೈಯ ಹಿಂಬದಿ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಹುಡುಗನನ್ನು ಕಟ್ಟಿಕೊಂಡು, ಪ್ರಾರ್ಥನೆಯಿಂದ ರೋಗ ವಾಸಿ ಮಾಡುತ್ತೇವೆಂದು ಬಂದವರ ಮುಂದೆಲ್ಲ ಸಾಲಿನಲ್ಲಿ ನಿಂತಳು. ಒಬ್ಬೊಬ್ಬನೂ ಅವನ ತಲೆ ಹಿಡಿದು, ಕಿವಿಗೆ ಬಾಯಿ ಹಚ್ಚಿ, "ತೆರೆ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಹುಡುಗ ಕಿವಿಗೆ ಸಿಡಿದ ಎಂಜಲನ್ನು ತೋಳಿನಿಂದ ಒರೆಸಿಕೊಂಡು ಅಕ್ಕನ ಕಡೆ ನೋಡುತ್ತಿದ್ದ. ಅವಳ ಹುಬ್ಬು ಮೇಲೇರಿದ್ದು ಬಹುಶಃ ಆ ಕಾಲದಲ್ಲೇ.

ಅವನನ್ನು ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಕೈಯಾಡಿಸಿದರೆ ಬೆರಳಿನ ಗೆಣ್ಣಿಗೆ ಏಟು. ಬಾಯಲ್ಲೇ ಮಾತಾಡಬೇಕೆಂದು ಟೀಚರು ಮಕ್ಕಳ ಕೈಯನ್ನು ತಮ್ಮ ಗಂಟಲಿನ ಮೇಲಿಟ್ಟುಕೊಂಡು ಒಂದೊಂದು ಶಬ್ದವನ್ನೂ ಉರು ಹೊಡೆಸುತ್ತಿದ್ದರು. ಮಕ್ಕಳು ಹಗಲು ಗಂಟಲು ಕಲಿತು, ಸಂಜೆ ಹಾಸ್ಟೆಲಿನಲ್ಲಿ ಒಬ್ಬರಿಂದೊಬ್ಬರು ನಿಜವಾದ ಭಾಷೆ ಕಲಿತರು. ಮೊದಲ ರಜೆಗೆ ಮನೆಗೆ ಬಂದವನು, ಬೀದಿಯ ತುದಿಯಲ್ಲಿ ತಾಯಿಯನ್ನು ಕಂಡು, ಕಲಿತ ಗಂಟಲಿನಿಂದ "ಅಮ್ಮ" ಎಂದ. ಆ ದನಿ ಹೇಗಿತ್ತೋ, ಅಲ್ಲಿ ಆಡುತ್ತಿದ್ದ ಮಕ್ಕಳು ರಜೆ ಮುಗಿಯುವವರೆಗೂ ಅದನ್ನು ಅಣಕಿಸಿದರು. ಅವನಿಗೆ ದನಿ ಕೇಳಿಸದಿದ್ದರೂ ಅಣಕ ಕಾಣಿಸುತ್ತಿತ್ತು. ಅಲ್ಲಿಗೆ ಬಾಯಿಗೆ ಬೀಗ ಬಿತ್ತು.

ಹುಬ್ಬಕ್ಕ ರಜೆ ರಜೆಗೂ ಅವನಿಂದ ಕೈಮಾತು ಕಲಿತಳು. ತಾಯಿ ಕಲಿಯಲಿಲ್ಲ. "ಇವತ್ತಲ್ಲ ನಾಳೆ ಕರ್ತ ಕಿವಿ ಕೊಟ್ಟೇ ಕೊಡ್ತಾನೆ. ಆಮೇಲೆ ಈ ಕೈಯಾಟ ಯಾಕೆ ಬೇಕು?" ಎನ್ನುತ್ತಿದ್ದಳು. ಕಲಿತರೆ ನಂಬಿಕೆ ಬಿಟ್ಟಂತಾಗುತ್ತದೆ ಎಂಬ ಭಯ. ಹೀಗಾಗಿ ಮಗನೊಂದಿಗೆ ಅವಳಿಗಿದ್ದ ಮಾತುಗಳು ಊಟ, ನಿದ್ದೆ, ಬಾ, ಬೇಡ, ಇಷ್ಟೇ. ಇಷ್ಟರಲ್ಲೇ ಅವನು ಬೆಳೆದು ದೊಡ್ಡವನಾದ, ಕಾರಿನ ಸೀಟು, ಸೋಫಾ ಹೊಲಿಯುವ ಕೆಲಸ ಕಲಿತ, ಸ್ವಂತ ಶೆಡ್ಡು ಹಾಕಿದ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಬಡಿಯುತ್ತಿದ್ದ. ಬಾಯಿ ತುಂಬ ಮೊಳೆ ಇಟ್ಟುಕೊಂಡೂ ನಿರಾಳವಾಗಿ ಹರಟೆ ಹೊಡೆಯಬಲ್ಲ ಗಂಡಸು ಆ ಬೀದಿಯಲ್ಲಿ ಅವನೊಬ್ಬನೇ.

ತಾಯಿ ಹೋಗುತ್ತಿದ್ದ ಕ್ರೈಸ್ತ ಸಭೆ ಟೈರಿನ ಗೋದಾಮೊಂದರ ಮೇಲಂತಸ್ತಿನಲ್ಲಿತ್ತು. ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲಕ್ಕೂ ರಬ್ಬರಿನ ವಾಸನೆ. ತಮ್ಮ ಅಲ್ಲಿಗೆ ತಾಯಿಯ ಬಲವಂತಕ್ಕೆ ಹೋಗಿ, ಆಮೇಲೆ ತನ್ನ ಇಷ್ಟದಿಂದಲೇ ಹೋಗತೊಡಗಿದ. ಅವನ ಜೊತೆ ಇನ್ನೂ ಮೂವರು ಬಂದರು. ಲಾಂಡ್ರಿಯಲ್ಲಿ ಕೆಲಸ ಮಾಡುವ ಗಂಡಹೆಂಡತಿ, ಮತ್ತೆ ಒಬ್ಬ ಮುದುಕ, ಗಡಿಯಾರ ರಿಪೇರಿಯವನು. ನಾಲ್ವರೂ ಕಿವುಡರು. ಎಡಗಡೆಯ ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಬೆಂಚಿನಲ್ಲಿ ಕೂರುತ್ತಿದ್ದರು. ಹುಬ್ಬಕ್ಕ ಪಾಸ್ಟರ ಪಕ್ಕದಲ್ಲಿ ನಿಂತು ಪ್ರಸಂಗವನ್ನು ಕೈಗೆ ತರುತ್ತಿದ್ದಳು.

ಪ್ರಸಂಗವನ್ನು ಕೇಳುವುದು ಬೇರೆ, ಕೈಯಲ್ಲಿ ಹೇಳುವುದು ಬೇರೆ. ಕೇಳುವವರಿಗೆ ಏರಿಳಿತ, ಪ್ರಾಸ, ನಡುಗುವ ದನಿ, ನಡುನಡುವೆ ಆಮೆನ್ ಎಲ್ಲ ಸೇರಿ ಹೊಟ್ಟೆ ತುಂಬಿದಂತಾಗುತ್ತದೆ. ಕೈಗೆ ಬರುವಷ್ಟರಲ್ಲಿ ಅವೆಲ್ಲ ಸೋಸಿಹೋಗಿ ಉಳಿದದ್ದನ್ನು ಹೇಳಬೇಕು. ಉಳಿಯುತ್ತಿದ್ದದ್ದು ಚಿಟಿಕೆಯಷ್ಟು. ಪಾಸ್ಟರು ಬೆವರು ಸುರಿಸಿ ಕೂಗುತ್ತಿರುವಾಗ ಹುಬ್ಬಕ್ಕ ಕೈಕಟ್ಟಿ ನಿಂತಿರುವುದನ್ನು ಕಂಡು ಸಭೆಯವರು, ಪಾಪ, ಅವಳಿಗೆ ಅರ್ಥವಾಗುತ್ತಿಲ್ಲ ಎಂದುಕೊಳ್ಳುತ್ತಿದ್ದರು. ಹೇಳುವಂಥದ್ದು ಏನಾದರೂ ಬಂದೀತೆಂದು ಅವಳು ಕಾಯುತ್ತಿದ್ದಳು.

ಈ ಪಾಸ್ಟರಿಗೆ ಕಿವುಡರು ಇಟ್ಟ ಹೆಸರು ಬಾಚಣಿಗೆ. ನಡುನೆತ್ತಿ ಬೋಳಾಗಿದ್ದು, ಎಡಗಿವಿಯ ಮೇಲಿನ ಕೂದಲನ್ನು ಉದ್ದ ಬೆಳೆಸಿ ಬಲಗಿವಿಯವರೆಗೆ ಬಾಚಿ ಅಂಟಿಸುತ್ತಿದ್ದ. ಪ್ರಾಯಶ್ಚಿತ್ತದ ಮೇಲೆ ಮಾತಾಡುವಾಗ ಫ್ಯಾನಿನ ಗಾಳಿಗೆ ಅದು ಒಂದು ಕಡೆ ಎದ್ದು ನಿಲ್ಲುತ್ತಿತ್ತು. ಕ್ರಿಸ್ತನ ರಕ್ತ ಎಲ್ಲರಿಗಾಗಿ ಅಲ್ಲ, ಲೋಕ ಹುಟ್ಟುವ ಮೊದಲೇ ದೇವರು ಆರಿಸಿಕೊಂಡವರಿಗಾಗಿ ಎಂಬುದು ಅವನ ಉಪದೇಶ. ಆರಿಸುವುದು ಎನ್ನಲು ಕೈಮಾತಿನಲ್ಲಿ ಎರಡು ಬೆರಳಿಂದ ಚಿವುಟಿ ಎತ್ತಬೇಕು, ಹೇನು ಹೆಕ್ಕಿದ ಹಾಗೆ. ಲಾಂಡ್ರಿಯ ಹೆಂಗಸು ಪ್ರತಿ ಸಲವೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಾಚಣಿಗೆಗೆ ಅದು ಆನಂದಬಾಷ್ಪದಂತೆ ಕಾಣುತ್ತಿತ್ತು.

ಸಹಾಯಕ ಪಾಸ್ಟರೊಬ್ಬನಿದ್ದ. ಅವನ ಹೆಸರು ಅಪ್ಪುಗೆ. ಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ. ತಬ್ಬಿಕೊಂಡವರ ಹೆಗಲ ಮೇಲಿಂದ, ಮುಂದೆ ಯಾರನ್ನು ತಬ್ಬಲಿ ಎಂದು ನೋಡುತ್ತಿದ್ದ. ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ, ಕೊನೆಗೆ ಒಬ್ಬನೂ ಹೊರಗುಳಿಯುವುದಿಲ್ಲ ಎಂಬುದು ಇವನ ನಂಬಿಕೆ. ಬಾಚಣಿಗೆ ಊರಲ್ಲಿಲ್ಲದ ವಾರ ಮಾತ್ರ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ.

ಒಂದು ದಿನ ಹುಬ್ಬಕ್ಕ ಊಟದ ಡಬ್ಬಿ ತೆಗೆದುಕೊಂಡು ಶೆಡ್ಡಿಗೆ ಹೋದಾಗ ತಮ್ಮ ಸೋಫಾದ ಹೊಟ್ಟೆ ಬಗೆದು ಸ್ಪ್ರಿಂಗು ಕಟ್ಟುತ್ತಿದ್ದ. ಕೈಯೊರೆಸಿಕೊಂಡು, "ನನಗೆ ದೀಕ್ಷಾಸ್ನಾನ ಬೇಕು" ಎಂದ.

"ಅಮ್ಮ ಹೇಳಿದ್ಲಾ?"

"ಅಮ್ಮ ನನಗೆ ಏನು ಹೇಳಿದ್ದಾಳೆ? ಊಟ, ನಿದ್ದೆ. ನಾನೇ ಓದಿದೆ. ಸುವಾರ್ತೇಲಿ ಒಬ್ಬ ಕಿವುಡ ಬರ್ತಾನಲ್ಲ, ಅವನ ಕಥೆ."

"ಅವನ ಕಿವಿ ವಾಸಿಯಾಗುತ್ತೆ. ನಿನಗೂ ಅದೇ ಬೇಕಾ?"

ತಮ್ಮ ಮುಖ ಸಿಂಡರಿಸಿದ. "ವಾಸಿಯಾಗೋದು ಬಿಡು. ಅದಕ್ಕೂ ಮೊದಲು ನೋಡು. ಜನರ ಗುಂಪಿಂದ ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋಗ್ತಾನೆ. ಕೂಗಲ್ಲ. ಕಿವೀಲಿ ಬೆರಳಿಡ್ತಾನೆ, ನಾಲಿಗೆ ಮುಟ್ತಾನೆ, ಮೇಲೆ ನೋಡ್ತಾನೆ, ನಿಟ್ಟುಸಿರು ಬಿಡ್ತಾನೆ. ಇದೆಲ್ಲ ಏನು? ಕೈಮಾತು. ಅಷ್ಟೇನೂ ಚೆನ್ನಾಗಿಲ್ಲ, ಈಗ ತಾನೇ ಕಲೀತಿರೋನ ಥರ ಇದೆ. ಆದ್ರೆ ಅರ್ಥವಾಗುತ್ತೆ. ನನ್ನ ಹತ್ತಿರ ಹಾಗೆ ಮಾತಾಡಿದ ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ. ನಾನು ಅವನ ಕಡೆಯವನು."

ಹುಬ್ಬಕ್ಕನ ಹುಬ್ಬು ಏಳಲಿಲ್ಲ. ಆ ಕಥೆಯನ್ನು ಅವಳು ಎಷ್ಟೋ ಸಲ ಕೈಯಲ್ಲಿ ಹೇಳಿದ್ದಳು, ಹೀಗೆಂದು ಹೊಳೆದಿರಲಿಲ್ಲ. ಮರುದಿನ ಅಂಗಡಿಯಿಂದ ಬೇಗ ಹೊರಟು ಬಾಚಣಿಗೆಯ ಕಚೇರಿಗೆ ಹೋದಳು.

"ಪಾಸ್ಟರ್, ನನ್ನ ತಮ್ಮ ದೀಕ್ಷಾಸ್ನಾನ ಕೇಳ್ತಿದ್ದಾನೆ."

"ಅವನೇ ಕೇಳಿದ್ನೋ, ನೀನೇ ಕೇಳ್ತಿದ್ದೀಯೋ?"

"ಅವನೇ. ಕೈಯಲ್ಲಿ."

"ಅಲ್ಲೇ ನೋಡಮ್ಮ ತೊಡಕಿರೋದು," ಎಂದು ಬಾಚಣಿಗೆ ಕುರ್ಚಿಗೆ ಒರಗಿದ. "ನಂಬಿಕೆ ಹುಟ್ಟೋದು ಕೇಳೋದ್ರಿಂದ. ಬಾಯಿಂದ ಅರಿಕೆ ಮಾಡಿದ್ರೆ ರಕ್ಷಣೆ. ಇದೇನು ನನ್ನ ಸ್ವಂತ ಮಾತಲ್ಲ."

"ಅವನು ಓದ್ತಾನಲ್ಲ?"

"ಓದು ಬೇರೆ. ಕುರಿಗಳು ಕುರುಬನ ಧ್ವನಿ ಕೇಳ್ತವೆ. ಕರ್ತ ಪ್ರಾಣ ಕೊಟ್ಟಿದ್ದು ಆ ಕುರಿಗಳಿಗೋಸ್ಕರ. ಎಲ್ಲರಿಗೋಸ್ಕರ ಅನ್ನೋದಾದ್ರೆ, ಹಾಳಾಗಿ ಹೋಗೋರ ಪಾಲಿನ ರಕ್ತ ವ್ಯರ್ಥ ಆದ ಹಾಗೆ ತಾನೇ? ದೇವರು ಏನನ್ನೂ ವ್ಯರ್ಥ ಮಾಡೋದಿಲ್ಲ."

ಮೇಜಿನ ಮೇಲೆ ಅವನು ಅರ್ಧ ಕುಡಿದು ಬಿಟ್ಟ ಚಹಾ ಕೆನೆಗಟ್ಟಿತ್ತು. ಹುಬ್ಬಕ್ಕ ಅದನ್ನು ನೋಡಿ, ಆಮೇಲೆ ಅವನನ್ನು ನೋಡಿದಳು. "ಅಂದ್ರೆ ನನ್ನ ತಮ್ಮ ಆ ಕುರಿಗಳಲ್ಲಿ ಇಲ್ಲ."

"ನಾನು ಹಾಗಂದ್ನಾ? ಗುರುತು ಕಾಣ್ತಿಲ್ಲ ಅಂದೆ. ಅವನು ಆರಿಸಿಕೊಂಡವನೇ ಆಗಿದ್ರೆ, ಕಿವಿ ತೆರೆಯೋದೇ ಗುರುತು ಇರಬಹುದು. ಕಾಯೋಣ."

"ನಲವತ್ತರ ಹತ್ತಿರ ಬಂದಿದ್ದಾನೆ. ಎಲ್ಲಿವರೆಗೆ ಕಾಯೋದು?"

"ಕರ್ತನ ಚಿತ್ತ."

ತನಗೆ ಬೇಡವಾದದ್ದನ್ನೆಲ್ಲ ಗುಡಿಸಿ ಮೂಲೆಗೆ ತಳ್ಳಲು ಬಾಚಣಿಗೆ ಬಳಸುತ್ತಿದ್ದ ಪೊರಕೆ ಅದು. ಹುಬ್ಬಕ್ಕ ಎದ್ದು ಬಂದಳು. ಮನೆಗೆ ಬಂದು ಒಂದಕ್ಷರ ಬಿಡದೆ ತಮ್ಮನಿಗೆ ಹೇಳಿದಳು. ತಾಯಿ ಪಕ್ಕದಲ್ಲಿ ನಿಂತು, "ಅವನಿಗೆ ಎಲ್ಲಾ ಹೇಳ್ಬೇಡ ಕಣೇ, ಮನಸ್ಸಿಗೆ ಹಚ್ಕೊಳ್ತಾನೆ" ಎಂದು ಅವಳ ಕೈ ಹಿಡಿಯಲು ನೋಡಿದಳು. ತಮ್ಮ ಮಾತ್ರ ಅಷ್ಟೇನೂ ಕೋಪ ಮಾಡಿಕೊಳ್ಳಲಿಲ್ಲ. ಬಾಚಣಿಗೆಯಿಂದ ಇನ್ನೇನು ನಿರೀಕ್ಷಿಸುವುದು ಎಂಬಂತೆ ಭುಜ ಕುಣಿಸಿದ.

ಕೋಪ ಬಂದದ್ದು ಅಪ್ಪುಗೆ ಮನೆಗೆ ಬಂದಾಗ. ಸುದ್ದಿ ತಿಳಿದದ್ದೇ ತಡ, ಅವನು ಹಣ್ಣಿನ ಚೀಲ ಹಿಡಿದು ಓಡಿಬಂದ. ತಮ್ಮನನ್ನು ಬಿಗಿಯಾಗಿ ತಬ್ಬಿ, ಬಿಡದೆ, ಅವನ ತಲೆಯ ಮೇಲಿಂದ ತಾಯಿಯೊಂದಿಗೆ ಮಾತಾಡಿದ.

"ಅಮ್ಮಾ, ನೀವೇನೂ ಚಿಂತೆ ಮಾಡ್ಬೇಡಿ. ಇವನು ಒಳಗೇ ಇದ್ದಾನೆ. ಹಸುಗೂಸುಗಳು, ಬುದ್ಧಿ ಬೆಳೆಯದವರು, ಇಂಥವರನ್ನೆಲ್ಲ ಕ್ರಿಸ್ತ ಯಾವಾಗಲೋ ಸೇರಿಸಿಕೊಂಡುಬಿಟ್ಟಿದ್ದಾನೆ. ಇವನಿಗೆ ದೀಕ್ಷಾಸ್ನಾನ ಯಾಕೆ? ಪಾಪ ಅಂದ್ರೇನು ಅಂತ ಗೊತ್ತಿದ್ದರೆ ತಾನೇ ಪಶ್ಚಾತ್ತಾಪ?"

ತಾಯಿ ಕಣ್ಣೊರೆಸಿಕೊಂಡಳು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ತಮ್ಮ ಅಪ್ಪುಗೆಯ ಹಿಡಿತದಿಂದ ತಲೆ ಬಿಡಿಸಿಕೊಂಡು, ಏನಂತೆ ಎಂದು ಅಕ್ಕನನ್ನು ಕೇಳಿದ. ಅವಳು ಹೇಳಿದಳು. ಹಸುಗೂಸು ಎನ್ನುವಾಗ ತೋಳಲ್ಲಿ ಕೂಸು ತೂಗಿ ತೋರಿಸಬೇಕಾಯಿತು.

ತಮ್ಮನ ಕಣ್ಣು ಕೆಂಪಾಯಿತು. "ಪಾಪ ಗೊತ್ತಿಲ್ವಂತಾ? ಹೇಳು ಅವನಿಗೆ. ಹೊಸ ಸೀಟಿನ ಒಳಗೆ ಕೊಳೆತ ಫೋಮ್ ತುಂಬಿ ಹೊಲಿದು ಕೊಟ್ಟಿದ್ದೀನಿ, ಗೊತ್ತಿದ್ದೂ ಗೊತ್ತಿದ್ದೂ. ಹಾಸ್ಟೆಲಲ್ಲಿ ನನಗಿಂತ ಸಣ್ಣವನ ಬೆರಳು ಮುರಿದಿದ್ದೀನಿ. ಅವನಿಗೆ ಅದು ನಾಲಿಗೆ ಕಿತ್ತ ಹಾಗೆ ಅಂತ ಗೊತ್ತಿದ್ದೇ ಮುರಿದೆ. ಲಾಂಡ್ರಿಯವನ ನಾದಿನಿ ಹತ್ತಿರ ಏನು ಮಾಡಿದೆ ಅನ್ನೋದನ್ನ ಅಮ್ಮನ ಮುಂದೆ ಹೇಳ್ಬೇಡ, ಅವನ ಕಿವೀಲಿ ಹೇಳು. ಇವನಿಗಿಂತ ಚೆನ್ನಾಗಿ ಪಾಪ ಮಾಡಿದ್ದೀನಿ ನಾನು. ಕೂಸಂತೆ."

ಹುಬ್ಬಕ್ಕ ಅಷ್ಟನ್ನೂ ಬಾಯಲ್ಲಿ ಹೇಳಿದಳು, ನಾದಿನಿಯನ್ನೂ ಸೇರಿಸಿ. ತಾಯಿ ಬಾಯಿಗೆ ಕೈ ಹಚ್ಚಿಕೊಂಡಳು. ಅಪ್ಪುಗೆ ಹಲ್ಲು ಕಿರಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಎಂಥಾ ನಿಷ್ಕಪಟ ಮನಸ್ಸು ನೋಡಿ" ಎಂದು ಮತ್ತೆ ತಬ್ಬಿಕೊಂಡ.

ಅವನು ಹೋದ ಮೇಲೆ ತಮ್ಮ ಹಣ್ಣಿನ ಚೀಲವನ್ನು ಎತ್ತಿ ಹೊರಗಿಟ್ಟ. "ಬಾಚಣಿಗೆ ನನ್ನನ್ನ ಮನುಷ್ಯ ಅಂದ್ಕೊಂಡೇ ಹೊರಗೆ ಹಾಕ್ದ," ಎಂದ. "ಇವನು ನನ್ನನ್ನ ಬೆಕ್ಕಿನ ಮರಿ ಮಾಡಿ ಒಳಗೆ ಬಿಟ್ಕೊಂಡ. ಮೊದಲನೆಯದೇ ವಾಸಿ."

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಸಭೆಯಲ್ಲಿ ಎಷ್ಟೋ ಕಾಲದಿಂದ ಒಳಗೊಳಗೇ ಕುದಿಯುತ್ತಿದ್ದ ಜಗಳಕ್ಕೆ ಒಂದು ಮುಖ ಬೇಕಿತ್ತು, ತಮ್ಮನ ಮುಖ ಸಿಕ್ಕಿತು. ಅವನಿಗೆ ಒಂದು ದಿನವೂ ನಮಸ್ಕಾರ ಹೇಳದವರು ಅವನ ರಕ್ಷಣೆಯ ಬಗ್ಗೆ ಎರಡು ಪಕ್ಷವಾಗಿ ಕಿತ್ತಾಡಿದರು. ಮೆಟ್ಟಿಲ ಮೇಲೆ, ಚಪ್ಪಲಿ ಹಾಕಿಕೊಳ್ಳುವಾಗ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಹೋದಾಗ, ಎಲ್ಲೆಲ್ಲೂ ಇದೇ. ಆರಿಸಿಕೊಂಡವರ ಪಕ್ಷದ ಒಬ್ಬ ಹಿರಿಯ, ಕಿವಿಯ ಯಂತ್ರ ಹಾಕಿಕೊಂಡವರ ಸ್ಥಿತಿ ಏನು ಎಂಬ ಪ್ರಶ್ನೆ ಎತ್ತಿದ. ಅವನ ಹೆಂಡತಿಯೇ ಯಂತ್ರ ಹಾಕಿಕೊಂಡಿದ್ದಳು. ಎಲ್ಲರಿಗಾಗಿ ಎನ್ನುವ ಪಕ್ಷದವರು ಬಾಚಣಿಗೆಯ ಕಡೆಯವರ ಮನೆಗೆ ಮದುವೆಗೂ ಹೋಗಬಾರದೆಂದು ನಿಶ್ಚಯಿಸಿದರು. ಒಬ್ಬನನ್ನೂ ಹೊರಗಿಡದ ಕ್ರಿಸ್ತನ ಹೆಸರಿನಲ್ಲಿ ಅರ್ಧ ಸಭೆಯನ್ನು ಹೊರಗಿಟ್ಟರು. ಹುಬ್ಬಕ್ಕ ಚಕ್ರದ ಮುಂದೆ ಕೂತು ಇದನ್ನೆಲ್ಲ ಗಿರಾಕಿಗಳ ಬಾಯಿಂದ ಕೇಳಿ, ನೀರು ಬಿಟ್ಟು, ಗಾಜು ಒತ್ತಿ, ಚಕ್ರದ ಸದ್ದಿಗೆ ಅವರ ಮಾತನ್ನು ಮುಳುಗಿಸುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಆರಾಧನೆಯ ನಂತರ ಎಲ್ಲರನ್ನೂ ಕೂರಿಸಿ ಚರ್ಚೆ ನಡೆಸಿದರು. ಬಾಚಣಿಗೆ ಒಂದು ಕಡೆ, ಅಪ್ಪುಗೆ ಇನ್ನೊಂದು ಕಡೆ. ಒಬ್ಬ ಬೈಬಲಿನ ಒಂದು ವಾಕ್ಯ ಹೇಳಿದರೆ ಇನ್ನೊಬ್ಬ ಅದಕ್ಕೆ ಎದುರು ವಾಕ್ಯ ಹೇಳುತ್ತಿದ್ದ. 'ಅನೇಕರು' ಎಂದರೆ ಎಲ್ಲರೇ, 'ಎಲ್ಲರು' ಎಂದರೆ ಎಲ್ಲ ಥರದ ಕೆಲವರೇ, 'ಲೋಕ' ಎಂದರೆ ಯಾವ ಲೋಕ ಎಂದು ಹಿಂಜಿದರು. ಕಿವುಡ ಎನ್ನುವಾಗಲೆಲ್ಲ ಇಬ್ಬರೂ ಕಿಟಕಿಯ ಕಡೆ ಕೈ ತೋರುತ್ತಿದ್ದರು, ಅಲ್ಲಿ ಒಂದು ಮುರುಕು ಕುರ್ಚಿ ಇದೆಯೇನೋ ಎಂಬಂತೆ. ಹುಬ್ಬಕ್ಕ ನಡುವೆ ನಿಂತು ಕೈಯಾಡಿಸುತ್ತಲೇ ಇದ್ದಳು.

"ಇದನ್ನೆಲ್ಲ ಅವರಿಗೆ ಹೇಳೋದು ಬೇಡಮ್ಮ," ಎಂದ ಬಾಚಣಿಗೆ. "ಇದು ಆಳವಾದ ವಿಷಯ."

"ಹೌದು, ಅವರಿಗೆ ನೋವಾಗುತ್ತೆ," ಎಂದ ಅಪ್ಪುಗೆ.

ಆ ಮಧ್ಯಾಹ್ನ ಅವರಿಬ್ಬರೂ ಒಪ್ಪಿದ್ದು ಇದೊಂದೇ. ಹುಬ್ಬಕ್ಕ ಅದನ್ನೂ ಕೈಯಲ್ಲಿ ಹೇಳಿದಳು.

ತಮ್ಮ ಎದ್ದ. ಬೆಂಚುಗಳ ನಡುವೆ ನಡೆದು ಮುಂದೆ ಬಂದ. ಅವನು ಕೈಯೆತ್ತುತ್ತಾನೆಂದು ಅವಳು ಬಾಯಿ ತೆರೆದು ಕಾದಳು. ಅವನು ಕೈಗಳನ್ನು ಹಿಂದೆ ಕಟ್ಟಿಕೊಂಡ. ಆಮೇಲೆ ಎಷ್ಟೋ ವರ್ಷಗಳಿಂದ ಬೀಗ ಹಾಕಿದ್ದ ಆ ಗಂಟಲಿನಿಂದ, ಒಂದು ದನಿ ಬಂತು. ದಪ್ಪ, ಒರಟು, ಏರಬೇಕಾದಲ್ಲಿ ಇಳಿಯುವ, ಇಳಿಯಬೇಕಾದಲ್ಲಿ ಸೀಳುವ ದನಿ. "ಯೇಸು... ಕರ್ತ. ನನ್ನ... ಕರ್ತ."

ಹಿಂದಿನ ಸಾಲಿನಲ್ಲಿ ಯಾವುದೋ ಮಗು ಕಿಸಕ್ಕೆಂದಿತು. ದೊಡ್ಡವರು ನೆಲ ನೋಡಿದರು. ಹುಬ್ಬಕ್ಕನ ಕೈ ಕೆಳಗೆ ಬಿತ್ತು.

ಬಾಚಣಿಗೆ ಕೂದಲು ಸರಿಮಾಡಿಕೊಂಡ. "ಪ್ರಯತ್ನ ಒಳ್ಳೇದೇ," ಎಂದ. "ಆದರೆ... ಏನು ಹೇಳಿದ ಅಂತ ಸ್ಪಷ್ಟ ಆಗಲಿಲ್ಲ. ಆತುರ ಬೇಡ."

ಅಪ್ಪುಗೆ ಓಡಿಬಂದು ತಮ್ಮನನ್ನು ತಬ್ಬಿ, "ಇಷ್ಟೆಲ್ಲ ಕಷ್ಟ ಪಡೋದು ಬೇಕಿರಲಿಲ್ಲ ಮಗುವೇ" ಎಂದು ಅತ್ತ.

ಆಗ ಹೆಂಗಸರ ಕಡೆಯಿಂದ ತಾಯಿ ಎದ್ದು ನಿಂತಳು. ಪಾಸ್ಟರ ಎದುರು ದನಿಯೆತ್ತಿ ಗೊತ್ತಿಲ್ಲದವಳು. ಮೊಣಕಾಲಿಗೆ ಕೈ ಊರಿ ಎದ್ದು, ಬೆಂಚು ಹಿಡಿದುಕೊಂಡು, "ನನಗೆ ಸ್ಪಷ್ಟವಾಗೇ ಕೇಳಿಸ್ತು ಪಾಸ್ಟರ್," ಎಂದಳು. "ಕೊನೇ ಸಾಲಲ್ಲಿ ಕೂತಿದ್ದೀನಿ, ನನಗೇ ಕೇಳಿಸ್ತು. ನೀವು ನಿಮ್ಮ ಕಿವಿ ಯಾರಿಗಾದ್ರೂ ತೋರಿಸ್ಕೊಳ್ಳಿ."

ಅವಳು ಮಗನ ತೋಳು ಹಿಡಿದು ಮೆಟ್ಟಿಲಿಳಿದಳು. ಹುಬ್ಬಕ್ಕ ಹಿಂದೆ. ಅವಳ ಹಿಂದೆ ಉಳಿದ ಮೂವರು ಕಿವುಡರು. ಟೈರಿನ ಗೋದಾಮಿನ ಮುಂದೆ ನಿಂತು ತಾಯಿ ಮಗನ ಹಣೆ ಮುಟ್ಟಿ ನೋಡಿದಳು. ಅವನು ಅವಳ ಕೈ ತೆಗೆದು, ಜ್ವರ ಇಲ್ಲ ಎಂದು ತಲೆಯಾಡಿಸಿದ.

ಮೇಲಂತಸ್ತಿನ ಸಭೆ ಆ ತಿಂಗಳೇ ಒಡೆಯಿತು. ಬೆಂಚುಗಳು ಬಾಚಣಿಗೆಗೆ, ಮೈಕು ಅಪ್ಪುಗೆಗೆ. ಅಪ್ಪುಗೆ ಒಂದು ಮದುವೆ ಹಾಲಿನಲ್ಲಿ ತನ್ನ ಸಭೆ ಹಾಕಿ, ಬಾಗಿಲಿಗೆ 'ಎಲ್ಲರಿಗೂ ಸ್ವಾಗತ' ಎಂದು ಬೋರ್ಡು ಬರೆಸಿ, ಮುಂದಿನ ಸಾಲನ್ನು ಕಿವುಡರಿಗೆಂದೇ ಮೀಸಲಿಟ್ಟ. ಹುಬ್ಬಕ್ಕ ಬರುವುದಿಲ್ಲವೆಂದದ್ದರಿಂದ ಪುಸ್ತಕದ ಚಿತ್ರ ನೋಡಿ ಒಂದೇ ವಾರದಲ್ಲಿ ಕೈಮಾತು ಕಲಿತ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿದ. ತಮ್ಮ ಒಂದು ಸಲ ಕುತೂಹಲಕ್ಕೆ ಹೋಗಿ ಬಂದ. ಕ್ರಿಸ್ತ ನಿಮ್ಮ ಹೊಟ್ಟೆಗಾಗಿ ಸತ್ತ, ಸಮಸ್ತ ಕೋಸುಗಡ್ಡೆಗಳನ್ನೂ ಅವನು ತಬ್ಬಿಕೊಳ್ಳುತ್ತಾನೆ ಎಂದು ಅವಳು ಭಕ್ತಿಯಿಂದ ಕೈಯಾಡಿಸಿದ್ದಳಂತೆ. ಮನೆಗೆ ಬಂದು ಅದನ್ನು ಮಾಡಿ ತೋರಿಸುತ್ತ ಅವನು ನೆಲದ ಮೇಲೆ ಉರುಳಾಡಿ ನಕ್ಕ. ಬಾಚಣಿಗೆ ಕುರುಬನ ಧ್ವನಿಯ ಮೇಲೆಯೇ ವಾರಗಟ್ಟಲೆ ಪ್ರಸಂಗ ಮಾಡಿದ. ಎರಡೂ ಕಡೆಯವರು ತಮ್ಮನ ಹೆಸರು ಹೇಳಿಕೊಂಡು ಪ್ರಾರ್ಥಿಸಿದರು. ಯಾರೂ ಶೆಡ್ಡಿಗೆ ಬಂದು ಅವನೊಂದಿಗೆ ಕೂರಲಿಲ್ಲ.

ಕೂತವರು ಆ ಮೂವರು. ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ, ರಿಪೇರಿಗೆ ಬಂದ ಸೋಫಾಗಳ ಮೇಲೆ ಕೂತು ಸುವಾರ್ತೆ ಓದಿ ಕೈಯಲ್ಲಿ ಹರಟತೊಡಗಿದರು. ಗಡಿಯಾರದ ಮುದುಕನಿಗೆ ಅವರಿಟ್ಟ ಹೆಸರು ದುರ್ಬೀನು. ಕೆಲಸದಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು, ಇಲ್ಲದಾಗಲೂ ಆ ಕಣ್ಣು ಕಿರಿದು ಮಾಡಿಯೇ ನೋಡುತ್ತಿದ್ದ. ತಮ್ಮನಿಗೆ ದೀಕ್ಷಾಸ್ನಾನ ತಾನೇ ಕೊಡುತ್ತೇನೆಂದ. ನಿನಗೆ ಯಾರು ಅಧಿಕಾರ ಕೊಟ್ಟರು ಎಂದು ಲಾಂಡ್ರಿಯವನು ಕೇಳಿದ. ಕೊಡದೆ ಇರುವ ಅಧಿಕಾರ ಬಾಚಣಿಗೆಗೆ ಯಾರು ಕೊಟ್ಟರು ಎಂದು ಮುದುಕ ತಿರುಗಿ ಕೇಳಿದ. ಲಾಂಡ್ರಿಗೆ ರಜೆಯಿದ್ದ ದಿನ, ಬಟ್ಟೆ ಜಾಲಿಸುವ ಸಿಮೆಂಟಿನ ತೊಟ್ಟಿಯನ್ನು ತೊಳೆದು ನೀರು ತುಂಬಿಸಿದರು. ಎಷ್ಟು ತೊಳೆದರೂ ಬ್ಲೀಚಿನ ವಾಸನೆ ಹೋಗಿರಲಿಲ್ಲ. ದುರ್ಬೀನು ಪ್ಯಾಂಟು ಮಡಚಿಕೊಂಡು ತೊಟ್ಟಿಗಿಳಿದು, ತಮ್ಮನ ಎದುರು ನಿಂತು, ನಂಬುತ್ತೀಯಾ ಎಂದು ಕೈಯಲ್ಲಿ ಕೇಳಿದ. ತಮ್ಮ ನಂಬುತ್ತೇನೆ ಎಂದ. ಮುದುಕ ಅವನನ್ನು ಮುಳುಗಿಸಿದ. ತೋಳಿನಲ್ಲಿ ಬಲ ಸಾಲದೆ ಎತ್ತುವಾಗ ತಾನೂ ಜಾರಿ ಬಿದ್ದ. ತಾಯಿ ತೊಟ್ಟಿಯ ಕಟ್ಟೆ ಹಿಡಿದು ನಿಂತು ನಗುತ್ತ ಅಳುತ್ತ ಇದ್ದಳು. ಟವೆಲು ಎಲ್ಲಿ ಎಂದು ಕೇಳಲು ಮಗನ ಮುಂದೆ ಕೈಯಾಡಿಸಿದಳು. ಅದು ಟವೆಲು ಆಗಿರಲಿಲ್ಲ, ಏನೂ ಆಗಿರಲಿಲ್ಲ. ಅವನು ತಿದ್ದಿ ತೋರಿಸಿದ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಹೇಳುವ ಹಾಗಿಲ್ಲ. ಮುಂದಿನ ಭಾನುವಾರವೇ ಶೆಡ್ಡಿನಲ್ಲಿ ಲಾಂಡ್ರಿಯವನು ಒಂದು ಪ್ರಶ್ನೆ ಎತ್ತಿದ. ಕಿವಿ ಕೇಳುವವರು ಮಾತಾಡುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪ್ರಾರ್ಥನೆಗೆ ಕಣ್ಣು ಬೇರೆ ಮುಚ್ಚುತ್ತಾರೆ. ಬಾಯಿ ಒಂದು ಹೇಳುತ್ತಿರುವಾಗ ಕೈ ಇನ್ನೇನೋ ಮಾಡುತ್ತಿರುತ್ತದೆ. ಇಂಥವರಿಗೆ ನಂಬಿಕೆ ಹತ್ತುವುದಾದರೂ ಹೇಗೆ? ಕ್ರಿಸ್ತ ಅವರಿಗಾಗಿಯೂ ಸತ್ತನೇ? ದುರ್ಬೀನು ಕಣ್ಣು ಕಿರಿದು ಮಾಡಿ ಯೋಚಿಸಿ, ಅವರಲ್ಲಿ ಕೆಲವರಿಗೆ ಇರಬಹುದು ಎಂದ. ಲಾಂಡ್ರಿಯ ಹೆಂಗಸು ಎಲ್ಲರಿಗೂ ಎಂದಳು. ಅವಳ ಗಂಡ ಅವಳಿಗೆ ಬೆನ್ನು ತಿರುಗಿಸಿ ಕೂತ. ಕಿವುಡರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಹುಬ್ಬಕ್ಕ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ಮೊದಲು ನಗು ಬಂತು. ಬಾಚಣಿಗೆಯ ಮೇಲೆ ಹುಟ್ಟಿದ್ದ ತಿರಸ್ಕಾರ, ಅಪ್ಪುಗೆಯ ಮೇಲೆ ಹುಟ್ಟಿದ್ದ ತಿರಸ್ಕಾರ, ಅದೇ ತೂಕದಲ್ಲಿ, ಒಂದು ಗುಂಜಿ ಕಡಿಮೆಯಿಲ್ಲದೆ ಇವರ ಮೇಲೂ ಹುಟ್ಟಿತು. ಆಮೇಲೆ ಲಾಂಡ್ರಿಯವನು ಅವಳ ಕಡೆ ಬೆರಳು ತೋರಿಸಿ, ದುರ್ಬೀನಿಗೆ ಏನೋ ಹೇಳಿ, ಅವಳಿಗೆ ಕಾಣದಂತೆ ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಂಡು ಮಾತು ಮುಂದುವರಿಸಿದ. ಇಷ್ಟು ವರ್ಷ ಅವರ ಪಾಲಿನ ಬಾಯಿಯಾಗಿದ್ದವಳು, ತನ್ನ ವಿಷಯವೇ ತನಗೆ ತಿಳಿಯದಂತೆ ನಡೆಯುವುದನ್ನು ನೋಡುತ್ತ ಕೂರಬೇಕಾಯಿತು. ಹುಬ್ಬು ಎತ್ತಲು ನೋಡಿದಳು. ಅವರು ಅವಳ ಕಡೆ ನೋಡುತ್ತಲೇ ಇರಲಿಲ್ಲ.

ಅವಳು ಎದ್ದು ಚೀಲ ತೆಗೆದುಕೊಂಡಳು. ತಮ್ಮ ನೆಲಕ್ಕೆ ಕಾಲು ಬಡಿದ. ಹಲಗೆ ಅದುರಿದ್ದಕ್ಕೆ ಎಲ್ಲರೂ ತಿರುಗಿದರು.

"ಇವಳು ಒಳಗಿದ್ದಾಳೋ ಹೊರಗಿದ್ದಾಳೋ ನೀವು ಹೇಳಬೇಡಿ," ಎಂದ ಅವನು. "ಇವಳ ವಿಷಯ ಮಾತಾಡೋದಿದ್ರೆ ಇವಳಿಗೆ ಕಾಣೋ ಹಾಗೆ ಮಾತಾಡಿ. ಇಲ್ಲಾಂದ್ರೆ ನನ್ನ ಸೋಫಾ ಬಿಟ್ಟು ಏಳಿ."

ಲಾಂಡ್ರಿಯವನು ಗೊಣಗುತ್ತ ಕೈಗಳನ್ನು ಎದೆಯಿಂದ ದೂರ ತಂದ. ಅವನ ಅಭಿಪ್ರಾಯ ಬದಲಾಗಿರಲಿಲ್ಲ. ಅವಳು ಒಳ್ಳೆಯವಳೇ, ಆದರೆ ಕಿವಿ ಕೇಳುವವಳು, ಖಚಿತವಾಗಿ ಹೇಳಲಾಗುವುದಿಲ್ಲ ಎಂದು ಅವಳ ಮುಖ ನೋಡಿಕೊಂಡೇ ಹೇಳಿದ. ಹುಬ್ಬಕ್ಕ ಚೀಲ ಕೆಳಗಿಟ್ಟು, ಹೊದಿಕೆಯಿಲ್ಲದ ಸೋಫಾದ ತುದಿಯಲ್ಲಿ, ಸ್ಪ್ರಿಂಗು ಚುಚ್ಚದ ಜಾಗ ನೋಡಿ ಕೂತಳು. "ಸರಿ," ಎಂದು ಕೈಯಲ್ಲಿ ಹೇಳಿದಳು. "ಯಾವ ವಾಕ್ಯದ ಆಧಾರದ ಮೇಲೆ ಹೇಳ್ತೀಯಾ, ತೋರಿಸು."